ಮಂಡಿಸವೆತ ಇರುವ ಹಿರಿಯರ ಆರೈಕೆ: ಯೋಜನೆ ಬರೆಯುವ ಮುನ್ನ ಏನು ನೋಡಬೇಕು?

ಪ್ರಶ್ನೆ: ಮನೆ ಆರೈಕೆಯ ನರ್ಸ್, ಬಸವನಗುಡಿ
ನಾನು ನೋಡಿಕೊಳ್ಳುತ್ತಿರುವ 74 ವರ್ಷದ ಅಜ್ಜಿಗೆ ಎರಡೂ ಮಂಡಿಗಳು ಸವೆದಿವೆ, ಬಿಪಿಯೂ ಇದೆ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟೆಂದು ಕೇಳಿದರೆ, "ವಯಸ್ಸಾಯಿತಲ್ಲ, ಇರೋದೇ" ಎನ್ನುತ್ತಾರೆ. ಆದರೆ ಹೂವು ತರಲು ಗಾಂಧಿ ಬಜಾರಿಗೆ ಹೋಗುವುದನ್ನೂ ದೇವರ ಮುಂದೆ ನೆಲಕ್ಕೆ ಕೂರುವುದನ್ನೂ ಬಿಟ್ಟಿದ್ದಾರೆ. ಇವರ ಸ್ಥಿತಿಯನ್ನು ಹೇಗೆ ಅಳೆಯಲಿ?

ಉತ್ತರ: ಹಿರಿಯ ನರ್ಸ್, ಮೂಳೆ ವಿಭಾಗ
ಅವರು ಬಿಟ್ಟಿರುವ ಕೆಲಸಗಳೇ ನಿಮ್ಮ ಅಳತೆಗೋಲು. ಅವನ್ನೇ ದಾಖಲೆಯಲ್ಲಿ ಬರೆಯಿರಿ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿ. ಸವೆತದಲ್ಲಿ ಅದು ಸಾಮಾನ್ಯವಾಗಿ 30 ನಿಮಿಷದೊಳಗೆ ಸಡಿಲವಾಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ, ಅಥವಾ ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯೇರಿ ಜ್ವರವೂ ಬಂದರೆ, ವೈದ್ಯರಿಗೆ ತಿಳಿಸಬೇಕು, ಜ್ವರವಿದ್ದರೆ ಅದೇ ದಿನ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ ಎಂದು ಪರಿಗಣಿಸಿ. ಏಳುವಾಗ ಎರಡೂ ಕೈ ಊರಿ, ಉಸಿರು ಬಿಗಿಹಿಡಿದು, ಮುಖ ಕಿವಿಚುವುದನ್ನು ಗಮನಿಸಿ. "ಇರೋದೇ" ಎಂಬ ಮಾತು ಮುಚ್ಚಿಟ್ಟದ್ದು ಅಲ್ಲಿ ಕಾಣುತ್ತದೆ. ಶೌಚಾಲಯ ನೆಲಮಟ್ಟದ್ದಾಗಿದ್ದರೆ ಎತ್ತರದ ಕಮೋಡ್ ಕುರ್ಚಿ, ಗೋಡೆಗೆ ಹಿಡಿ, ಜಾರದ ಚಾಪೆ ಇವು ಔಷಧಿಯಷ್ಟೇ ಮುಖ್ಯ.

ಉತ್ತರ: ಫಿಸಿಯೋಥೆರಪಿಸ್ಟ್, ಜಯನಗರ
ನೋವಿದೆಯೆಂದು ಕೂತಲ್ಲೇ ಕೂರಿಸಬೇಡಿ, ತೊಡೆಯ ಸ್ನಾಯು ಸೊರಗಿದಷ್ಟೂ ಮಂಡಿಗೆ ಆಸರೆ ಕಡಿಮೆಯಾಗುತ್ತದೆ. ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು 5 ಸೆಕೆಂಡ್ ಒತ್ತಿ ಬಿಡುವುದನ್ನು ಹಾಸಿಗೆಯಲ್ಲೇ ಮಾಡಿಸಬಹುದು. ಊರುಗೋಲು ಹೆಚ್ಚು ನೋಯುವ ಮಂಡಿಯ ಎದುರು ಕೈಯಲ್ಲಿರಬೇಕು, ಹಿಡಿ ಮಣಿಕಟ್ಟಿನ ಎತ್ತರಕ್ಕಿರಬೇಕು. ಬಹಳಷ್ಟು ಮನೆಗಳಲ್ಲಿ ನೋಯುವ ಕಡೆಗೇ ಹಿಡಿಸಿರುತ್ತಾರೆ.

ಉತ್ತರ: ವೃದ್ಧರ ವಾರ್ಡಿನ ನರ್ಸ್
ಮಾತ್ರೆಯ ಡಬ್ಬಿ ತೆರೆಸಿ ನೋಡಿ. ಮೆಡಿಕಲ್ ಶಾಪಿನಿಂದ ತಾವೇ ತಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಬಿಪಿ ಏರಿಸಬಲ್ಲವು, ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲವು. ಕೆಲವು ಬಿಪಿ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ಪೆಟ್ಟು. ಮಂಡಿಗೆ ಹಚ್ಚುವ ಜೆಲ್ ಸಾಕಾದೀತೇ ಎಂದು ವೈದ್ಯರನ್ನು ಕೇಳಿ. ಕಪ್ಪು ಬಣ್ಣದ ಮಲ ಹೋಗಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಿ, ಅದು ಹೊಟ್ಟೆಯ ರಕ್ತಸ್ರಾವದ ಸೂಚನೆ ಇರಬಹುದು.

ಪ್ರಶ್ನೆ ಕೇಳಿದವರು
ಡಬ್ಬಿಯಲ್ಲಿ ಅಂಥ ಮಾತ್ರೆ ಇತ್ತು, ವೈದ್ಯರಿಗೆ ತಿಳಿಸಿದ್ದೇನೆ. ಜೆಲ್ ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬಹುದೇ?

ಉತ್ತರ: ವೃದ್ಧರ ವಾರ್ಡಿನ ನರ್ಸ್
ಬೇಡ, ಜೆಲ್ ಹಚ್ಚಿದ ಜಾಗಕ್ಕೆ ಶಾಖ ಕೊಡಬಾರದು. ಶಾಖವನ್ನು ಬೇರೆ ಹೊತ್ತಿನಲ್ಲಿ, ಬಟ್ಟೆ ಸುತ್ತಿ, 15ರಿಂದ 20 ನಿಮಿಷ ಕೊಡಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿದ್ದರೆ ಅದೂ ಬೇಡ.