ಎಣ್ಣೆ ಹಚ್ಚಿ ಮುಚ್ಚಿಟ್ಟರೂ ಟೇಬಲ್ ಸಾ ಮೇಲೆ ಮತ್ತೆ ಮತ್ತೆ ತುಕ್ಕು

ಪ್ರಶ್ನೆ: ನನ್ನ ಟೇಬಲ್ ಸಾದ (ಹಲಗೆ ಕೊಯ್ಯುವ, ಮೇಜಿನಂಥ ಗರಗಸ ಯಂತ್ರ) ಮೇಲ್ಮೈ ಎರಕದ ಕಬ್ಬಿಣದ್ದು. ತುಕ್ಕು ಉಜ್ಜಿ ತೆಗೆದು ಇನ್ನೂ 3 ವಾರ ಆಗಿಲ್ಲ, ಆಗಲೇ ಕಂದು ಚುಕ್ಕೆ. ಸ್ಪ್ರೇ ಎಣ್ಣೆ ಹೊಡೆದು, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೆ. ಸೂರು ಸೋರುವುದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಚುಕ್ಕೆ ಎಲ್ಲೆಲ್ಲಿ ಬಂದಿದೆ, ಸ್ವಲ್ಪ ನೋಡಿ ಹೇಳಿ.

ಪ್ರಶ್ನೆ ಕೇಳಿದವರು: ಪ್ಲಾಸ್ಟಿಕ್ ತಾಗಿದ್ದ ಕಡೆ ಜಾಸ್ತಿ. ಒಂದು ಮೂಲೆಯಲ್ಲಂತೂ ನನ್ನ ಬೆರಳಚ್ಚೇ ಮೂಡಿದೆ!

ಉತ್ತರ: ಬೆರಳಚ್ಚು ಬೆವರಿನ ಉಪ್ಪಿನ ಕೆಲಸ. ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ದೊಡ್ಡ ಕಳ್ಳ ಆ ಪ್ಲಾಸ್ಟಿಕ್. ರಾತ್ರಿ ಕಬ್ಬಿಣ ತಣ್ಣಗಾಗುತ್ತದೆ. ಬೆಳಿಗ್ಗೆ ಗಾಳಿ ಬೇಗ ಬಿಸಿಯಾಗುತ್ತದೆ, ಅಷ್ಟು ದಪ್ಪದ ಕಬ್ಬಿಣ ಆಗುವುದಿಲ್ಲ. ತಣ್ಣೀರಿನ ಲೋಟ ಬೆವರುತ್ತದಲ್ವಾ, ಇದೂ ಹಾಗೇ. ಆ ಪಸೆ ಪ್ಲಾಸ್ಟಿಕ್ ಅಡಿ ಸಿಕ್ಕಿಬಿದ್ದರೆ ಆರುವುದೇ ಇಲ್ಲ. ಹತ್ತಿಯ ಹಳೇ ಬೆಡ್‌ಶೀಟ್ ಹೊದಿಸಿ.

ಸ್ಪ್ರೇ ಎಣ್ಣೆ ತುಂಬ ತೆಳು, ಬಹುಪಾಲು ಆರಿಹೋಗುತ್ತದೆ. ತುಕ್ಕು ಬಿಡಿಸುವಾಗ ಒದ್ದೆ ಮಾಡಲು ಒಳ್ಳೆಯದು, ತುಕ್ಕು ಬಾರದಂತೆ ಕಾಯಲು ಸಾಲದು. 400 ನಂಬರ್ ಸ್ಯಾಂಡ್‌ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿ. ಬರೀ ಬೆರಳಲ್ಲಿ ಒತ್ತಿದರೆ ಅಲ್ಲಲ್ಲಿ ತಗ್ಗು ಬೀಳಬಹುದು. ಆಮೇಲೆ ಟರ್ಪೆಂಟೈನ್‌ನಲ್ಲಿ ಎಣ್ಣೆ ಜಿಡ್ಡೆಲ್ಲ ಒರೆಸಿ, ಪೂರ್ತಿ ಒಣಗಿದ ಮೇಲೆ ಪೇಸ್ಟ್ ವ್ಯಾಕ್ಸ್ (ಮುಲಾಮಿನಂಥ ಮೇಣ) ತೆಳುವಾಗಿ ಹಚ್ಚಿ. ಮಬ್ಬಾದಾಗ ಬಟ್ಟೆಯಿಂದ ಉಜ್ಜಿ ಹೊಳಪು ತನ್ನಿ. ಇನ್ನೊಂದು ಪದರ ಹಾಕಿದರೆ ಒಳ್ಳೆಯದು. ಕೊಯ್ಯುವಾಗ ಹಲಗೆಯೂ ಅದರ ಮೇಲೆ ಸರಾಗ ಜಾರುತ್ತದೆ. ಟರ್ಪೆಂಟೈನ್ ಬಳಸುವಾಗ ಪ್ಲಗ್ ತೆಗೆದಿರಿ, ಕಿಟಕಿ ತೆರೆದಿರಲಿ.

ಇನ್ನೊಬ್ಬರು: ಕಾರಿನ ಪಾಲಿಶ್ ಮಾತ್ರ ಬೇಡ. ಹಲವದರಲ್ಲಿ ಸಿಲಿಕೋನ್ ಇರುತ್ತದೆ. ಅದು ಮರಕ್ಕೆ ಅಂಟಿದರೆ ಆಮೇಲೆ ವಾರ್ನಿಶ್ ಹಚ್ಚುವಾಗ ಮೀನಿನ ಕಣ್ಣಿನಂಥ ಗುಳಿ ಏಳುತ್ತವೆ. ನಾನು ಹೀಗೇ ಒಂದು ಇಡೀ ಮೇಜು ಕೆಡಿಸಿಕೊಂಡೆ. ಇನ್ನು ಹಸಿ ಹಲಗೆಯನ್ನು ಯಂತ್ರದ ಮೇಲೆ ರಾತ್ರಿ ಬಿಟ್ಟು ಹೋಗಬೇಡಿ. ಮರದ ಪುಡಿಯೂ ಪಸೆ ಹಿಡಿದಿಟ್ಟುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ಓಹೋ, ಪುಡಿ ಗುಡಿಸದೇ ಅದರ ಮೇಲೇ ಪ್ಲಾಸ್ಟಿಕ್ ಎಳೆಯುತ್ತಿದ್ದೆ! ಚಳಿಗೆ ಒಂದು ಸೀಮೆಎಣ್ಣೆ ಹೀಟರ್ ಕೂಡ ಇಡುತ್ತೇನೆ. ಅದರಿಂದ ಕೋಣೆ ಒಣಗುತ್ತದೆ ಅಲ್ವಾ?

ಉತ್ತರ: ಇಲ್ಲ, ಉಲ್ಟಾ. ಸೀಮೆಎಣ್ಣೆ ಉರಿದರೆ ನೀರಾವಿಯೂ ಬರುತ್ತದೆ. ಹೊಗೆ ಕೊಳವೆ ಇಲ್ಲದಿದ್ದರೆ ಅದೆಲ್ಲ ಕೋಣೆಯಲ್ಲೇ ಉಳಿದು ತಣ್ಣನೆ ಕಬ್ಬಿಣದ ಮೇಲೆ ಕೂರುತ್ತದೆ. ಕರೆಂಟಿನ ಹೀಟರ್ ಇಡಿ. ವ್ಯಾಕ್ಸ್ ಮತ್ತೆ ಯಾವಾಗ ಅಂದರೆ, ಹಲಗೆ ತಡವರಿಸಲು ಶುರುವಾದಾಗ.