ರಿಲೇ ಲೈಟ್ ಆಫ್ ಆದರೂ ಸಂಪ್ ಮೋಟರ್ ನಿಲ್ಲುತ್ತಿಲ್ಲ, ಕೋಡ್‌ನಲ್ಲಿ ತಪ್ಪಿದೆಯಾ?

ಸಂಪಿನಕಪ್ಪೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಎರಡಂತಸ್ತಿನ ಮನೆ. ನಲ್ಲಿ ನೀರು ಸಂಪಿಗೆ ಬೀಳುತ್ತದೆ, ಅಲ್ಲಿಂದ 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಮೇಲಿನ 1000 ಲೀಟರ್ ಟ್ಯಾಂಕಿಗೆ ಎತ್ತುತ್ತದೆ. ಮೋಟರ್ ಹಾಕಿ ಮರೆಯುವುದು ನಮ್ಮ ಮನೆಯವರಿಗೆಲ್ಲ ಹುಟ್ಟುಗುಣ. ಅದಕ್ಕೆ ನೋಡ್‌ಎಂಸಿಯು (ಈಎಸ್‌ಪಿ8266 ಚಿಪ್ ಇರುವ ಪುಟ್ಟ ವೈಫೈ ಬೋರ್ಡ್), ಶಬ್ದದ ಅಲೆಯಿಂದ ನೀರಿನ ಮಟ್ಟ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್, ಒಂದು ನೀಲಿ ಡಬ್ಬಿಯ 5 ವೋಲ್ಟ್ ರಿಲೇ ಮಾಡ್ಯೂಲ್ (ಬೋರ್ಡ್ ಹೇಳಿದಂತೆ ಆನ್ ಆಫ್ ಆಗುವ ಸ್ವಿಚ್) ಸೇರಿಸಿ ನಾನೇ ಒಂದು ಆಟೋಮ್ಯಾಟಿಕ್ ಕಂಟ್ರೋಲರ್ ಮಾಡಿದೆ. ರಿಲೇ ಡಿ4 ಪಿನ್ನಿಗೆ. ಪವರ್‌ಗೆ ಹಳೆಯ ಮೊಬೈಲ್ ಚಾರ್ಜರ್, ಮೋಟರ್ ಇರುವ ಬೋರ್ಡಿನಲ್ಲೇ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಹೋದ ವಾರ ಟ್ಯಾಂಕ್ ತುಂಬಿದರೂ ಮೋಟರ್ ನಿಲ್ಲಲಿಲ್ಲ, ಪಕ್ಕದ ಮನೆಯವರ ಒಣಗಿದ ಬಟ್ಟೆ ಎಲ್ಲ ಮತ್ತೆ ಒದ್ದೆ. ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡ್ ಕಳಿಸುವ ಸಂದೇಶ ಕಂಪ್ಯೂಟರಿನಲ್ಲಿ ಕಾಣುವ ಜಾಗ) ನೋಡಿದರೆ "ಮೋಟರ್ ಆಫ್" ಅಂತ ಸರಿಯಾಗಿಯೇ ಬರುತ್ತದೆ. ರಿಲೇ ಲೈಟೂ ಆರುತ್ತದೆ. ಆದರೆ ಮೋಟರ್ ಓಡುತ್ತಲೇ ಇರುತ್ತದೆ! ಮೂರು ರಾತ್ರಿ ಕೂತು ಕೋಡ್ ತಿರುಗಿಸಿ ತಿರುಗಿಸಿ ಬರೆದೆ, ಏನೂ ಉಪಯೋಗ ಇಲ್ಲ. ಇನ್ನೊಂದು ವಿಷಯ, ಸಂಬಂಧ ಇದೆಯೋ ಇಲ್ಲವೋ: ಮೋಟರ್ ಸ್ಟಾರ್ಟ್ ಆಗುವಾಗ ಒಮ್ಮೊಮ್ಮೆ ನೋಡ್‌ಎಂಸಿಯು ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ.

ಕೆಪಾಸಿಟರ್_ಕುಂದಾಪ್ರ:
ಇದು ಮಾಮೂಲಿ 3.3 ವೋಲ್ಟ್ ರಗಳೆ ಇರಬೇಕು. ನೋಡ್‌ಎಂಸಿಯು ಪಿನ್ನಿನಲ್ಲಿ "ಹೈ" ಅಂದರೆ 3.3 ವೋಲ್ಟ್ ಮಾತ್ರ. ನಿಮ್ಮ ಮಾಡ್ಯೂಲ್ 5 ವೋಲ್ಟಿನದು, ಪಿನ್ "ಲೋ" ಆದಾಗ ಆನ್ ಆಗುವ ಜಾತಿ. ಅದಕ್ಕೆ 3.3 ಕೊಟ್ಟರೆ ಇನ್ನೂ 1.7 ವೋಲ್ಟ್ ವ್ಯತ್ಯಾಸ ಉಳಿಯುತ್ತದೆ, ಕೆಲವು ಮಾಡ್ಯೂಲ್‌ಗಳು ಪೂರ್ತಿ ಬಿಡುವುದಿಲ್ಲ. ಲೈಟ್ ಮಂಕಾಗಿ ಉರಿಯುತ್ತಾ ಇದೆಯಾ ನೋಡಿ.

ಸಂಪಿನಕಪ್ಪೆ:
ಇಲ್ಲ ಸಾರ್. ಕೋಣೆ ಕತ್ತಲು ಮಾಡಿ ನೋಡಿದೆ. ಪೂರ್ತಿ ಆರಿರುತ್ತದೆ.

ವೈಂಡಿಂಗ್_ಅಂಗಡಿ:
ತಮ್ಮಾ, ಲೈಟ್ ಬಿಡು, ಕಿವಿ ಕೊಟ್ಟು ಕೇಳು. ಆಫ್ ಆಗುವಾಗ ರಿಲೇ "ಟಕ್" ಅನ್ನುತ್ತದಾ?

ಸಂಪಿನಕಪ್ಪೆ:
ಅಣ್ಣ, ಈಗ ನೋಡಿದೆ. ಆನ್ ಆಗುವಾಗಲೂ ಇಲ್ಲ, ಆಫ್ ಆಗುವಾಗಲೂ ಇಲ್ಲ. ಮುಂಚೆ ಎರಡು ಸಲವೂ ಬರುತ್ತಿತ್ತು.

ವೈಂಡಿಂಗ್_ಅಂಗಡಿ:
ಹಾಗಾದರೆ ಕೋಡ್ ಮುಚ್ಚಿಡು. ರಿಲೇ ಒಳಗಿನ ಕಾಂಟ್ಯಾಕ್ಟ್, ಅಂದರೆ ಕರೆಂಟ್ ಸೇರಿಸಿ ಬಿಡಿಸುವ ಲೋಹದ ತುದಿ, ಅಂಟಿಕೊಂಡಿದೆ. ಸ್ಕ್ರೂಡ್ರೈವರ್ ಹಿಡಿಯಿಂದ (ಪ್ಲಾಸ್ಟಿಕ್ ಹಿಡಿ, ಬೆರಳು ದೂರ) ಆ ನೀಲಿ ಡಬ್ಬಿಗೆ ಮೆಲ್ಲಗೆ ಒಂದು ಏಟು ಕೊಡು, ಮೋಟರ್ ನಿಂತರೂ ನಿಲ್ಲಬಹುದು.

ನೋಡು, ಆ ಡಬ್ಬಿ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತಾರೆ. ಅದು ಬಲ್ಬು, ಹೀಟರ್ ಲೆಕ್ಕ. ಮೋಟರ್ ಲೆಕ್ಕ ಬೇರೆ. 1 ಎಚ್‌ಪಿ ಅಂದರೆ 746 ವ್ಯಾಟ್, ಅದೂ ಶಾಫ್ಟಿನಲ್ಲಿ ಸಿಗುವ ಶಕ್ತಿ. ಲೈನಿಂದ ಎಳೆಯುವುದು ಹತ್ತಿರ ಹತ್ತಿರ 6-7 ಆಂಪಿಯರ್. ಸ್ಟಾರ್ಟ್ ಆಗುವ ಆ ಒಂದು ಕ್ಷಣ ಅದರ ಐದಾರು ಪಟ್ಟು, ಅಂದರೆ 30 ಆಂಪಿಯರ್ ದಾಟುತ್ತದೆ. ಅಷ್ಟು ಕರೆಂಟನ್ನು ಅಕ್ಕಿಕಾಳಿನಷ್ಟು ಕಾಂಟ್ಯಾಕ್ಟ್ ಮೇಲೆ ದಿನಾ ಹಾಯಿಸಿದರೆ ಅದು ಕರಗಿ ವೆಲ್ಡ್ ಆಗದೆ ಇನ್ನೇನು ಆಗುತ್ತದೆ? ನೀನು ಎರಡು ತಿಂಗಳು ಓಡಿಸಿದ್ದೇ ಹೆಚ್ಚು. ನಮ್ಮ ಅಂಗಡಿಗೆ ಇಂಥ ಕೇಸು ತಿಂಗಳಿಗೆ ಒಂದಾದರೂ ಬರುತ್ತದೆ, ಎಲ್ಲರೂ ಮೊದಲು ಹೇಳುವುದು "ಪ್ರೋಗ್ರಾಂ ಸರಿ ಇಲ್ಲ" ಅಂತಲೇ.

ಕಾಂಟ್ಯಾಕ್ಟರ್ ಹಾಕು, ಅದು ಮೋಟರಿನಂಥ ದೊಡ್ಡ ಕರೆಂಟಿಗೆಂದೇ ಮಾಡಿದ ದೊಡ್ಡ ರಿಲೇ. 230 ವೋಲ್ಟ್ ಕಾಯಿಲ್ ಇರುವುದು, ಎಸಿ-3 ರೇಟಿಂಗ್ 12 ಆಂಪಿಯರ್ ಅಥವಾ ಜಾಸ್ತಿ. ಅಂಗಡಿಯವನು ಎಸಿ-1 ನಂಬರ್ (ಹೀಟರಿನಂಥ ಲೋಡಿನದು) ತೋರಿಸಿ "25 ಇದೆ ತಗೊಳ್ಳಿ" ಅಂದರೆ ಒಪ್ಪಬೇಡ, ಮೋಟರಿಗೆ ಎಸಿ-3 ನಂಬರೇ ನೋಡಬೇಕು. ನಿನ್ನ ಪುಟ್ಟ ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಆನ್ ಆಫ್ ಮಾಡಲಿ.

ಮಲ್ಟಿಮೀಟರ್_ಮಾಲಾ:
ಅಣ್ಣ ಹೇಳಿದ್ದು ಸರಿ. ಆದರೆ ಆ ರೀಸ್ಟಾರ್ಟ್ ವಿಷಯವನ್ನು ಯಾರೂ ಮುಟ್ಟಲಿಲ್ಲ, ನನಗೆ ಅದೇ ದೊಡ್ಡ ಸುಳಿವು ಅನ್ನಿಸುತ್ತದೆ. ಎರಡೂ ಒಂದೇ ಕಾಯಿಲೆ.

ಮೋಟರ್ ಸ್ಟಾರ್ಟ್ ಆಗುವಾಗ ಲೈನ್ ವೋಲ್ಟೇಜ್ ಕುಸಿಯುತ್ತದೆ, ಜೊತೆಗೆ ಕಾಂಟ್ಯಾಕ್ಟಿನಲ್ಲಿ ಕಿಡಿ. ಅದೇ ಬೋರ್ಡಿನಲ್ಲಿರುವ ಹಳೆ ಚಾರ್ಜರ್ ತಡೆಯುವುದಿಲ್ಲ, ವೈಫೈ ಕಳಿಸುವಾಗ ಈಎಸ್‌ಪಿ ಬೇರೆ 300 ಮಿಲಿಆಂಪಿಯರ್‌ವರೆಗೆ ಗಬಕ್ಕನೆ ಎಳೆಯುತ್ತದೆ, ಚಿಪ್ ರೀಸೆಟ್. ಈಗ ಡಿ4 ನೋಡಿ. ಅದು ಚಿಪ್ಪಿನ ಜಿಪಿಐಒ2 ಪಿನ್, ಬೋರ್ಡಿನ ಮೇಲಿನ ನೀಲಿ ಎಲ್‌ಇಡಿ ಕೂಡ ಅದಕ್ಕೇ ಸೇರಿದೆ. ಬೂಟ್ ಆಗುವಾಗ ಆ ಎಲ್‌ಇಡಿ ಪಕ್ ಅಂತ ಮಿನುಗುತ್ತದೆ ಅಲ್ವಾ? ನಿಮ್ಮ ರಿಲೇಯೂ ಆಗ ಹಾಗೇ ಮಿನುಗುತ್ತದೆ! ಅಂದರೆ ಮೋಟರ್ ಆನ್, ರೀಸೆಟ್, ರಿಲೇ ಪಟಪಟ, ಮತ್ತೆ ಆನ್. ಒಂದು ಸಲ ಆಗಬೇಕಾದ ಆ 30 ಆಂಪಿಯರ್ ಏಟು ಮೂರು ನಾಲ್ಕು ಸಲ. ಕಾಂಟ್ಯಾಕ್ಟ್ ಪಾಪ ಏನು ಮಾಡೀತು.

ರಿಲೇಯನ್ನು ಡಿ1 ಅಥವಾ ಡಿ2ಗೆ ಬದಲಿಸಿ. ಡಿ3, ಡಿ4, ಡಿ8 ಮೂರೂ ಬೂಟ್‌ಗೆ ಸಂಬಂಧಪಟ್ಟ ಪಿನ್, ರಿಲೇಗೆ ಬೇಡವೇ ಬೇಡ. ಸೆಟಪ್‌ನಲ್ಲಿ ಮೊದಲು ಪಿನ್ನಿಗೆ "ಹೈ" ಬರೆದು, ಆಮೇಲೆ ಔಟ್‌ಪುಟ್ ಅಂತ ಘೋಷಿಸಿ. ಹೆಚ್ಚಿನವರು ಉಲ್ಟಾ ಬರೆಯುತ್ತಾರೆ, ಆ ಒಂದು ಚಣದಲ್ಲಿ ರಿಲೇ ಟಕ್ ಅನ್ನುತ್ತದೆ. 5 ವೋಲ್ಟ್ ಬರುವ ಜಾಗದಲ್ಲಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಚಾರ್ಜರ್ ಬೇರೆ ಸಾಕೆಟ್ಟಿಗೆ ಹೋಗಲಿ.

ಕಾಂಟ್ಯಾಕ್ಟರ್ ಬಂದ ಮೇಲೂ ರೀಸೆಟ್ ಆಗಬಹುದು, ಅದರ ಕಾಯಿಲ್ ಆಫ್ ಆಗುವಾಗ ದೊಡ್ಡ ಸ್ಪೈಕ್ ಬಿಡುತ್ತದೆ. ಆ ಸ್ಪೈಕನ್ನು ನುಂಗುವ ಸ್ನಬರ್ ಹಾಕಿ: 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸೀರೀಸ್‌ನಲ್ಲಿ. ಕೆಪಾಸಿಟರ್ ಎಕ್ಸ್2 (ಮನೆ ಲೈನಿಗೆ ನೇರ ಹಾಕಲೆಂದೇ ಮಾಡಿದ) ಜಾತಿಯದೇ ಇರಬೇಕು, 275 ವೋಲ್ಟ್ ಎಸಿ. ಬೆಂಗಳೂರು ಕಡೆ ಬಂದರೆ ಎಸ್.ಪಿ. ರೋಡಿನಲ್ಲಿ ಇವೆಲ್ಲ ಒಂದೇ ಓಣಿಯಲ್ಲಿ ಸಿಗುತ್ತವೆ.

ಹಾಂ, ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ನೇರ ಸೇರಿಸಿದ್ದರೆ 1 ಕೆ, 2 ಕೆ ರೆಸಿಸ್ಟರ್ ಹಾಕಿ 3.3ಕ್ಕೆ ಇಳಿಸಿ.

ಕೆಪಾಸಿಟರ್_ಕುಂದಾಪ್ರ:
ನನ್ನ ಊಹೆ ತಪ್ಪಾಯಿತು, ಒಪ್ಪಿದೆ. ಆದರೆ ಆ ಸೆನ್ಸರನ್ನು ಟ್ಯಾಂಕಿನಲ್ಲಿ ನಂಬಲೇಬೇಡಿ ಮಾರಾಯ್ರೆ. ನಮ್ಮಲ್ಲಿ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯಿತು. ಎಕೋ ವಾಪಸ್ ಬರದಿದ್ದರೆ ಎಕೋ ಸಮಯ ಅಳೆಯುವ ಪಲ್ಸ್‌ಇನ್ ಫಂಕ್ಷನ್ ಸೊನ್ನೆ ಕೊಡುತ್ತದೆ, ಕೋಡ್ ಅದನ್ನು "ನೀರು ಮೂತಿಯವರೆಗೆ ಬಂದಿದೆ" ಅಂತ ಓದುತ್ತದೆ. ಸೊನ್ನೆ ಬಂದರೆ ಎರರ್ ಅಂತಲೇ ಹಿಡಿಯಿರಿ. ನೀರು ತಾಗದ ಜೆಎಸ್‌ಎನ್-ಎಸ್‌ಆರ್04ಟಿ ಹಾಕಿದರೆ ಬಾಳಿಕೆ ಬರುತ್ತದೆ, ಆದರೆ ಅದಕ್ಕೆ 20-25 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ. ಅಷ್ಟು ಮೇಲೆ ಕೂರಿಸಬೇಕು.

ಮತ್ತೆ ಟೈಮರ್. ಟ್ಯಾಂಕ್ ತುಂಬಲು ಎಷ್ಟು ಹೊತ್ತು? 25 ನಿಮಿಷ ಅಂದರೆ 35 ನಿಮಿಷಕ್ಕೆ ಏನೇ ಆಗಲಿ ಆಫ್. ಮಿಲ್ಲಿಸ್ ಎಣಿಕೆ (ಬೋರ್ಡ್ ಆನ್ ಆದಾಗಿನಿಂದ ಮಿಲಿಸೆಕೆಂಡ್ ಲೆಕ್ಕ) ಸುಮಾರು 49.7 ದಿನಕ್ಕೆ ಮತ್ತೆ ಸೊನ್ನೆಗೆ ಬರುತ್ತದೆ, ಆದ್ದರಿಂದ "ಈಗಿನದು ಕಳೆ ಶುರುವಿನದು" ಅಂತ ವ್ಯತ್ಯಾಸವನ್ನೇ ಹೋಲಿಸಿ.

ವೈಂಡಿಂಗ್_ಅಂಗಡಿ:
ಟೈಮರ್ ಇದ್ದರೂ ಹೋದ ವಾರ ಬಟ್ಟೆ ಒದ್ದೆ ಆಗುತ್ತಿತ್ತು ಕಣಪ್ಪ. ಅಂಟಿಕೊಂಡ ಕಾಂಟ್ಯಾಕ್ಟಿಗೆ ಟೈಮರ್ ಏನು ಗೊತ್ತು? ಟ್ಯಾಂಕಿನೊಳಗೆ ಒಂದು ಫ್ಲೋಟ್ ಸ್ವಿಚ್ (ನೀರಿನ ಜೊತೆ ತೇಲಿ ಮೇಲೇರುವ ಸ್ವಿಚ್) ಇಳಿಬಿಡಲಿ, ಅದು ಕಾಂಟ್ಯಾಕ್ಟರ್ ಕಾಯಿಲಿನ ಲೈನನ್ನೇ ಕಟ್ ಮಾಡಲಿ. ಚಿಪ್ಪೂ ಬೇಡ, ವೈಫೈಯೂ ಬೇಡ.

ಮಲ್ಟಿಮೀಟರ್_ಮಾಲಾ:
230 ವೋಲ್ಟನ್ನು ಸ್ನಾನದ ನೀರಿನ ಟ್ಯಾಂಕಿಗೆ ಇಳಿಸುವುದಾ ಅಣ್ಣ? ನನಗೆ ಮನಸ್ಸು ಬರುವುದಿಲ್ಲ. ಫ್ಲೋಟ್ ರಿಲೇ ಮಾಡ್ಯೂಲಿನ 5 ವೋಲ್ಟ್ ಸಪ್ಲೈಯನ್ನು ಕಟ್ ಮಾಡಿದರೆ ಸಾಕು. ಕಾಂಟ್ಯಾಕ್ಟರ್ ಇದ್ದ ಮೇಲೆ ಪುಟ್ಟ ರಿಲೇ ಅಂಟಿಕೊಳ್ಳುವ ಪ್ರಶ್ನೆ ಹೆಚ್ಚುಕಡಿಮೆ ಇಲ್ಲ.

ವೈಂಡಿಂಗ್_ಅಂಗಡಿ:
ಅದಕ್ಕೆಂದೇ ಮಾಡಿದ ಕೇಬಲ್ ಫ್ಲೋಟ್ ಸಿಗುತ್ತದಮ್ಮ, ಸಾವಿರ ಮನೆಯಲ್ಲಿ ಹಾಕಿದ್ದಾರೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಟ್ ಮಾಡುವ ಸ್ವಿಚ್) ಇಲ್ಲದ ಮನೆಗೆ ನಾನೂ ಹಾಕುವುದಿಲ್ಲ. ಅದು ಇಲ್ಲದಿದ್ದರೆ ನಿನ್ನ 5 ವೋಲ್ಟೇ ಸರಿ.

ಸಂಪಿನಕಪ್ಪೆ:
ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ. ಹಳೆ ರಿಲೇಯನ್ನು ಬ್ಲೇಡಿನಿಂದ ಕೊಯ್ದು ನೋಡಿದೆ, ಎರಡು ಕಾಂಟ್ಯಾಕ್ಟೂ ಕಪ್ಪಗಾಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಎಲೆಕ್ಟ್ರಿಷಿಯನ್ ಕರೆಸಿ ಕಾಂಟ್ಯಾಕ್ಟರ್ ಹಾಕಿಸಿದೆ, ರಿಲೇ ಡಿ1ಕ್ಕೆ ಹೋಯಿತು, ಫ್ಲೋಟ್ 5 ವೋಲ್ಟಿನಲ್ಲಿದೆ (ನಮ್ಮ ಮನೆಯಲ್ಲಿ ಆರ್‌ಸಿಸಿಬಿ ಇಲ್ಲ ಅಂತ ಈಗ ಗೊತ್ತಾಯಿತು, ಅದನ್ನೂ ಹಾಕಿಸಬೇಕು). ರೀಸ್ಟಾರ್ಟ್ ಒಂದು ಸಲವೂ ಆಗಿಲ್ಲ. ಕಾಂಟ್ಯಾಕ್ಟರ್ ಧಡ್ ಅಂದಾಗ ಅಮ್ಮ ಮಾತ್ರ ಬೆಚ್ಚಿ ಬೀಳುತ್ತಾರೆ.

ಒಂದೇ ಒಂದು ಅನುಮಾನ. ಮೋಟರ್ ಆಫ್ ಇದ್ದಾಗಲೂ ಕಾಂಟ್ಯಾಕ್ಟರ್ ಹತ್ತಿರ ಕಿವಿ ಇಟ್ಟರೆ ಸಣ್ಣಗೆ ಗುಂಯ್ ಅನ್ನುತ್ತದೆ. ಮತ್ತೆ ಅಂಟಿಕೊಳ್ಳುತ್ತಾ?

ಮಲ್ಟಿಮೀಟರ್_ಮಾಲಾ:
ಸ್ನಬರ್ ಎಲ್ಲಿ ಹಾಕಿದಿರಿ?

ಸಂಪಿನಕಪ್ಪೆ:
ರಿಲೇ ಕಾಂಟ್ಯಾಕ್ಟಿನ ಎರಡು ಸ್ಕ್ರೂ ನಡುವೆ.

ಮಲ್ಟಿಮೀಟರ್_ಮಾಲಾ:
ಅಲ್ಲೇ ಎಡವಟ್ಟು. ಎಲ್ಲಿ ಹಾಕಬೇಕು ಅಂತ ನಾನೂ ಬಿಡಿಸಿ ಹೇಳಿರಲಿಲ್ಲ ಬಿಡಿ. ರಿಲೇ ಬಿಟ್ಟಿದ್ದರೂ ಆ 0.1 ಮೈಕ್ರೋಫ್ಯಾರಡ್ ಮೂಲಕ ಸುಮಾರು 7 ಮಿಲಿಆಂಪಿಯರ್ ಕಾಯಿಲಿಗೆ ಸೋರುತ್ತಾ ಇರುತ್ತದೆ, ಅದರದೇ ಗುಂಯ್. ಮೇನ್ ಆಫ್ ಮಾಡಿ, ಸ್ನಬರನ್ನು ಬಿಚ್ಚಿ ಕಾಂಟ್ಯಾಕ್ಟರಿನ ಎ1, ಎ2 (ಕಾಯಿಲಿನ ಎರಡು ತುದಿ) ನಡುವೆ ಹಾಕಿ. ಅದರ ಕೆಪಾಸಿಟರ್ ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿರುತ್ತದೆ, ಒಂದು ನಿಮಿಷ ಬಿಟ್ಟು ಮುಟ್ಟಿ.

ಸಂಪಿನಕಪ್ಪೆ:
ಬದಲಿಸಿದೆ ಅಕ್ಕಾ. ಸದ್ದೇ ಇಲ್ಲ.