ಗೋಧಿ ಬಿಟ್ಟು ಜೋಳಕ್ಕೆ ಬಂದರೂ ಭೇದಿ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ರಾಯಚೂರು): ಮಗನಿಗೆ ಸೀಲಿಯಾಕ್ ಅಂದಿದ್ದಾರೆ, ಅಂದರೆ ಗೋಧಿಯಲ್ಲಿರುವ ಗ್ಲುಟನ್ ಎಂಬ ಅಂಟು ಪ್ರೋಟೀನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ. ಚಪಾತಿ, ಉಪ್ಪಿಟ್ಟು, ಬ್ರೆಡ್ ಎಲ್ಲ ಬಂದ್. ಈಗ ಬರೀ ಜೋಳದ ರೊಟ್ಟಿ, ಸೋನಾ ಮಸೂರಿ ಅನ್ನ. ಆದರೂ ಭೇದಿ ಪೂರ್ತಿ ನಿಂತಿಲ್ಲ. ಜೋಳದಲ್ಲೂ ಗ್ಲುಟನ್ ಇದೆಯಾ? ರೊಟ್ಟಿ ಬಡಿಯುವಾಗ ಅಂಚು ಬೇರೆ ಸೀಳುತ್ತದೆ.

ಉತ್ತರ 1 (ಕೊಪ್ಪಳ): ಜೋಳದಲ್ಲಿ ಗ್ಲುಟನ್ ಇಲ್ಲ ರೀ. ಮೊದಲು ಗಿರಣಿ ನೋಡಿ. ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಜೋಳ ಸುರಿದರೆ ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯಲ್ಲಿ ಉಳಿದ ಗೋಧಿ ಹಿಟ್ಟೂ ಡಬ್ಬಿಗೆ ಬರುತ್ತದೆ. ಪೊಟ್ಟಣದ ಮೇಲೆ 'ಗ್ಲುಟನ್ ಫ್ರೀ' ಎಂದು ಬರೆಯಲು ಇರುವ ಮಿತಿ ಕೆಜಿಗೆ 20 ಮಿಲಿಗ್ರಾಂ. ಕೆಜಿ ಜೋಳದ ಹಿಟ್ಟಿಗೆ ಅರ್ಧ ಚಮಚ ಗೋಧಿ ಹಿಟ್ಟು ಬೆರೆತರೂ ಆ ಮಿತಿ ದಾಟುತ್ತದೆ. ಮೊದಲು ಬೇರೆಯವರ ಜೋಳ ಬೀಸಿಸಿ ಆಮೇಲೆ ನಮ್ಮದು ಹಾಕಿಸಿದರಾಯಿತು ಅನ್ನುತ್ತಾರೆ, ಅದು ಭರವಸೆಯಲ್ಲ. ಗೋಧಿ ಮುಟ್ಟದ ಮನೆಗಿರಣಿಯೇ ಸರಿ.

ಬೀಸುವ ಮುಂಚೆ ಮೊರದಲ್ಲಿ ಹಸನು ಮಾಡಿ. ಬಿಳಿಜೋಳದ ಕಾಳು ದುಂಡಗೆ, ಗೋಧಿ ಉದ್ದಕ್ಕೆ, ಹೊಟ್ಟೆಯ ಮೇಲೆ ಗೀರು ಇರುತ್ತದೆ. ಆರಿಸಲು ಕಷ್ಟವಿಲ್ಲ. ಒಗ್ಗರಣೆಯ ಇಂಗಿನ ಡಬ್ಬಿಯನ್ನೂ ಓದಿ: ಬಹಳಷ್ಟರಲ್ಲಿ ಗೋಧಿ ಹಿಟ್ಟೋ ಮೈದಾನೋ ಬೆರೆತಿರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಭೇದಿ ಇದ್ದರೆ ಡಾಕ್ಟರಿಗೆ ತೋರಿಸಿ, ಕಾರಣ ಬೇರೆ ಇರಬಹುದು.

ಉತ್ತರ 2 (ಬಳ್ಳಾರಿ): ಅಂಚು ಸೀಳುವುದು ಜಿಗಿ ಸಾಲದೆ. ಗೋಧಿಯಲ್ಲಿ ಗ್ಲುಟನ್ ಹಿಡಿದಿಡುತ್ತದೆ, ಜೋಳದಲ್ಲಿ ಬಿಸಿನೀರಿಗೆ ಬೆಂದ ಪಿಷ್ಟವೇ ಆ ಕೆಲಸ ಮಾಡಬೇಕು. ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ಎಸರು. ಕುದಿಯುತ್ತಿರುವಾಗಲೇ ಸುರಿದು, ಸೌಟಿನಿಂದ ತಿರುವಿ ಹತ್ತು ನಿಮಿಷ ಮುಚ್ಚಿಡಿ. ಬಿಸಿ ಇರುವಾಗಲೇ ಅಂಗೈಯಿಂದ ನಾದಿ. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಸೀಳುತ್ತದೆ. ಹತ್ತು ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿ. ಸಜ್ಜೆಯದು ಇನ್ನೂ ಕಡಿಮೆ, ಎಣ್ಣೆಯಂಶ ಹೆಚ್ಚು, ಬೇಗ ಕಹಿಯಾಗುತ್ತದೆ. ಬಡಿಯುವಾಗ ಮೇಲಿಂದ ಉದುರಿಸುವುದೂ ಜೋಳದ ಹಿಟ್ಟೇ ಇರಲಿ, ಚಪಾತಿ ಹಂಚು ಬೇರೆ ಇಡಿ.

ಪ್ರಶ್ನಿಸಿದವರು: ಜವೆಗೋಧಿ (ಖಪ್ಲಿ ಗೋಧಿ) ನಡೆಯುತ್ತದಾ? ಹೊಟ್ಟೆಗೆ ಹಗುರ ಅಂತಾರೆ.

ಉತ್ತರ 1: ಬೇಡವೇ ಬೇಡ. ಅದೂ ಗೋಧಿಯೇ, ಗ್ಲುಟನ್ ಇದೆ. ಬಾರ್ಲಿಯೂ ಅಷ್ಟೇ, ಬಾರ್ಲಿ ಅಥವಾ ಗೋಧಿ ಮಾಲ್ಟ್ ಇರುವ ಪುಡಿಗಳೂ ಅಷ್ಟೇ. ಬದಲಿಗೆ ನವಣೆ ಕೊಡಿ: ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂವರೆ ನೀರು. ಪಾಲಿಶ್ ಮಾಡದ್ದು ತನ್ನಿ, ಇಲ್ಲದಿದ್ದರೆ ನಾರು ಹೋದ ಅಕ್ಕಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಉತ್ತರ 3 (ಬಳ್ಳಾರಿ): ಮಂಡಕ್ಕಿ ಒಗ್ಗರಣೆ ತೊಂದರೆಯಿಲ್ಲ. ಜೊತೆಗಿನ ಮಿರ್ಚಿ ಕಡಲೆ ಹಿಟ್ಟಿನದೇ ಆದರೂ ಅದೇ ಬಾಣಲೆಯಲ್ಲಿ ಮೈದಾದ ಗೋಬಿ ಕರಿದಿದ್ದರೆ ಕೊಡಬೇಡಿ.